ಮುಂಗಾರು ಹೂಕೋಸು ಕೈಕೊಟ್ಟಾಗ: ದೋಷ ತಳಿಯದೋ, ಬೇರೆಯದೋ?

ಮುಂಗಾರಿನಲ್ಲಿ ನಾಟಿ ಮಾಡಿದ ಹೂಕೋಸು ಕೈಕೊಟ್ಟರೆ ಮೊದಲ ಬೈಗುಳ ತಳಿಗೆ, ಎರಡನೆಯದು ಬೀಜ ಮಾರಿದವನಿಗೆ. ಕೆಲವೊಮ್ಮೆ ಎರಡೂ ನ್ಯಾಯವೇ. ಆದರೆ ನಾಲ್ಕಾರು ತಳಿಗಳನ್ನು ಪಕ್ಕಪಕ್ಕದಲ್ಲಿ ಹಾಕಿ ಯಾವುದು ಹಂಗಾಮಿಗೆ ಒಗ್ಗುತ್ತದೆ ಎಂದು ನೋಡಲು ಹೊರಟವರೂ ಇದೇ ಆತುರಕ್ಕೆ ಬೀಳುತ್ತಾರೆ. ನಾಟಿಗೆ ಮೊದಲೇ ಸಸಿ ಅತಿಯಾಗಿ ಬಲಿತದ್ದಕ್ಕೆ ಒಳ್ಳೆಯ ತಳಿಯೊಂದು ತಿರಸ್ಕಾರವಾಗುತ್ತದೆ. ಆ ವರ್ಷ ಆಶ್ಲೇಷ ಮಳೆ ಬಿಡದೆ ಹಿಡಿದು ಹವೆ ತಂಪಾಗಿದ್ದ ಮಾತ್ರಕ್ಕೆ ಸಾಧಾರಣ ತಳಿಯೊಂದು ಪಾಸಾಗುತ್ತದೆ. ಮರುವರ್ಷ ಅದೇ ತಳಿಯನ್ನು ಎರಡು ಎಕರೆಗೆ ಹಾಕಿದಾಗ ಸತ್ಯ ಗೊತ್ತಾಗುತ್ತದೆ, ಅಷ್ಟರಲ್ಲಿ ಸಾಲ ಆಗಿರುತ್ತದೆ.

ಪ್ರಯೋಗದ ತಾಕಿನಲ್ಲಿ (ತಳಿ ಪರೀಕ್ಷೆಗೆ ಬಿಟ್ಟ ಸಣ್ಣ ತುಂಡು ನೆಲ) ಬೆಳೆ ನಿಂತಿದೆ, ಏನೋ ಸರಿಯಿಲ್ಲ, ತೀರ್ಪು ಬರೆಯುವ ಮೊದಲು ಕಾರಣ ಹುಡುಕಬೇಕು ಎನ್ನುವವರಿಗಾಗಿ ಈ ಬರಹ. ಸ್ವಂತ ಜಮೀನಿನ ಮೂಲೆಯಲ್ಲಿ ಮೂರು ಪೊಟ್ಟಣ ಬೀಜ ಹಾಕಿ ನೋಡುವವರೂ ಪ್ರಯೋಗ ಮಾಡುವವರೇ.

ಗಿಡ ನೋಡುವ ಮೊದಲು ಹೊಲ ನೋಡಿ

ದೋಷ ಕಂಡ ಕೂಡಲೇ ಒಂದು ಗಿಡ ಕಿತ್ತುಕೊಂಡು ಔಷಧದ ಅಂಗಡಿಗೆ ಓಡುವುದು ನಮ್ಮ ಅಭ್ಯಾಸ. ಅಂಗಡಿಯಲ್ಲಿ ಆ ಒಂದು ಗಿಡಕ್ಕೆ ಮೂರು ಬಾಟಲಿ ಸಿಗುತ್ತವೆ. ಅದಕ್ಕೆ ಬದಲಾಗಿ ಒಂದು ಹಾಳೆಯ ಮೇಲೆ ತಾಕುಗಳ ನಕ್ಷೆ ಬರೆದುಕೊಳ್ಳಿ. ಸಾಲು ಸಾಲಾಗಿ ನಡೆಯುತ್ತಾ ಕೆಟ್ಟ ಗಿಡ ಇರುವಲ್ಲೆಲ್ಲ ಗುರುತು ಹಾಕಿ. ನೀರಿನ ಪೈಪು ಯಾವ ಕಡೆಯಿಂದ ಬರುತ್ತದೆ, ಇಳಿಜಾರು ಎತ್ತ, ಬದುವಿನ ಮರದ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎಂಬುದನ್ನೂ ಬರೆಯಿರಿ. ಅರ್ಧ ಗಂಟೆಯ ಕೆಲಸ, ಉಳಿದ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ಹೇಳುವುದು ಇದೇ.

ಗುರುತುಗಳೆಲ್ಲ ಒಂದೇ ತಳಿಯ ತಾಕುಗಳಲ್ಲಿ, ಆ ತಳಿಯ ಎಲ್ಲ ತಾಕುಗಳಲ್ಲೂ ಬಿದ್ದಿದ್ದರೆ ಅನುಮಾನ ತಳಿಯ ಮೇಲೆ ಅಥವಾ ಆ ಬೀಜದ ಲಾಟಿನ (ಒಂದೇ ಸಂಖ್ಯೆಯಡಿ ಬಂದ ಬೀಜದ ಕಂತಿನ) ಮೇಲೆ. ತಳಿ ಯಾವುದೇ ಇರಲಿ, ಕೆಳಗಿನ ಮೂಲೆಯಲ್ಲೋ ಪೈಪಿನ ಕೊನೆಯಲ್ಲೋ ಗುಂಪಾಗಿ ಬಿದ್ದಿದ್ದರೆ ಅದು ಮಣ್ಣು ಅಥವಾ ನೀರಿನ ಕಥೆ. ಹೊಲವಿಡೀ, ಎಲ್ಲ ತಳಿಗಳಲ್ಲೂ ಸಮನಾಗಿ ಹರಡಿದ್ದರೆ ಹವಾಮಾನ, ಸಸಿ ಅಥವಾ ನಾಟಿಯ ದಿನಾಂಕದ ಕಡೆ ತಿರುಗಬೇಕು. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಕೆಟ್ಟಿದ್ದರೆ ಹುಳು ಅಥವಾ ಬೆರಕೆ ಬೀಜ. ಪ್ರತಿ ತಳಿಯನ್ನೂ ಒಂದೇ ತಾಕಿನಲ್ಲಿ ಹಾಕಿದ್ದರೆ ಮೊದಲ ಎರಡು ಸಂದರ್ಭಗಳನ್ನು ಬೇರ್ಪಡಿಸಲು ಸಾಧ್ಯವೇ ಇಲ್ಲ. ಕೆಳಮೂಲೆಗೆ ಬಿದ್ದ ತಳಿ ಕೆಳಮೂಲೆಯ ಪಾಪವನ್ನೂ ಹೊರುತ್ತದೆ.

ಥರ್ಮಾಮೀಟರ್ ಇಲ್ಲದೆ ತೀರ್ಪು ಬೇಡ

ಹೂಕೋಸಿನಲ್ಲಿ ತಳಿ ಎಂದರೆ ಮುಖ್ಯವಾಗಿ ಉಷ್ಣಾಂಶದ ಲೆಕ್ಕ. ಗಿಡ ಒಂದಷ್ಟು ಎಲೆ ಬಿಟ್ಟು ಎಳೆತನ ಮುಗಿಸಬೇಕು, ಆಮೇಲೆ ತನಗೆ ಒಗ್ಗುವ ಉಷ್ಣಾಂಶ ಸಿಕ್ಕಬೇಕು. ಆಗ ಮಾತ್ರ ಸುಳಿ ಎಲೆ ಬಿಡುವುದನ್ನು ನಿಲ್ಲಿಸಿ ಗಡ್ಡೆ (ನಾವು ತಿನ್ನುವ ಬಿಳಿ ಹೂ) ಕಟ್ಟಲು ತೊಡಗುತ್ತದೆ. ಆ 'ಒಗ್ಗುವ ಉಷ್ಣಾಂಶ' ತಳಿಯಿಂದ ತಳಿಗೆ ಬೇರೆ.

ಈ ಬೆಳೆ ಭಾರತಕ್ಕೆ ಬಂದದ್ದು 1822ರಲ್ಲಿ, ಇಂಗ್ಲೆಂಡಿನಿಂದ ಸಹಾರನ್‌ಪುರದ ಕಂಪನಿ ತೋಟಕ್ಕೆ. ಚಳಿ ದೇಶದ ಆ ಗಿಡದಲ್ಲಿ ಬಿಸಿಗೆ ತಾಳಿ ಬೇಗ ಗಡ್ಡೆ ಕೊಟ್ಟವುಗಳನ್ನು ಉತ್ತರದ ಬಯಲಿನ ಬೆಳೆಗಾರರು ತಲೆಮಾರುಗಟ್ಟಲೆ ಆರಿಸಿ ಬೀಜ ಕಟ್ಟಿದರು. ಇಂದಿನ ಮುಂಗಡ ತಳಿಗಳ ಮೂಲ ಅದು. ಹಿಮದಂತೆ ಬೆಳ್ಳಗಿನ, ಬಿಗಿಯಾದ ಗಡ್ಡೆಯ ಸ್ನೋಬಾಲ್ ಗುಂಪು ಬೇರೆ ಬಳಗ. ಅದಕ್ಕೆ ಚಳಿ ಬೇಕು. ಅದರ ಬೀಜ ಕಟ್ಟುವುದೂ ಹಿಮಾಚಲದ ಕುಲು ಕಣಿವೆಯಂತಹ ತಂಪು ಜಾಗಗಳಲ್ಲಿ.

ನಮ್ಮ ದೇಶದಲ್ಲಿ ತಳಿಗಳನ್ನು ಗಡ್ಡೆ ಬಲಿಯುವ ಉಷ್ಣಾಂಶದ ಆಧಾರದ ಮೇಲೆ ನಾಲ್ಕು ಗುಂಪಾಗಿ ವಿಂಗಡಿಸುವ ಪದ್ಧತಿ ಇದೆ. ಮುಂಗಡ ಗುಂಪಿಗೆ 20ರಿಂದ 27 ಡಿಗ್ರಿ ಸೆಲ್ಸಿಯಸ್, ಮಧ್ಯಮ-ಮುಂಗಡಕ್ಕೆ 16ರಿಂದ 20, ಮಧ್ಯಮ-ತಡಕ್ಕೆ 12ರಿಂದ 16, ತಡದ ಸ್ನೋಬಾಲ್ ಗುಂಪಿಗೆ 10ರಿಂದ 16. ಅರ್ಲಿ ಕುವಾರಿ, ಪೂಸಾ ದೀಪಾಲಿ, ಪೂಸಾ ಮೇಘನಾ, ಪೂಸಾ ಕಾರ್ತಿಕ್ ಸಂಕರ್ ಮೊದಲ ಗುಂಪಿನವು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಾಂತಿಯೂ ಮುಂಗಡ ಸಾಲಿಗೆ ಸೇರುತ್ತದೆ. ಪೂಸಾ ಸ್ನೋಬಾಲ್ ಕೆ-1 ಕೊನೆಯ ಗುಂಪಿನದು. ಖಾಸಗಿ ಹೈಬ್ರಿಡ್‌ಗಳು ಬೇಕಾದಷ್ಟಿವೆ, ಆದರೆ ಪೊಟ್ಟಣದ ಮೇಲೆ ಗುಂಪು ಬರೆದಿರುವುದು ಅಪರೂಪ. 'ಮುಂಗಾರಿಗೆ', 'ಬೇಸಿಗೆಗೆ', '60 ದಿನ' ಎಂದಷ್ಟೇ ಇರುತ್ತದೆ. ಯಾವ ಊರಿನ ಬೇಸಿಗೆ ಎಂದು ಕೇಳಬೇಕಾದವರು ನಾವೇ.

ಇನ್ನು ನಮ್ಮ ಉಷ್ಣಾಂಶ. ಬೆಂಗಳೂರಿನ ಸುತ್ತ ಏಪ್ರಿಲ್‌ನಲ್ಲಿ ಹಗಲು ಸುಮಾರು 34, ರಾತ್ರಿ 22, ಅಂದರೆ ಸರಾಸರಿ 28ರ ಆಸುಪಾಸು. ಆಗಸ್ಟ್‌ನಲ್ಲಿ ಹಗಲು 28, ರಾತ್ರಿ 20, ಸರಾಸರಿ 24. ಡಿಸೆಂಬರ್‌ನಲ್ಲಿ 27 ಮತ್ತು 16, ಸರಾಸರಿ 21ರಿಂದ 22. ಇದರ ಅರ್ಥ ಏನು? ಹೊಸಕೋಟೆ, ಮಾಲೂರು, ಚಿಕ್ಕಬಳ್ಳಾಪುರದ ಬಯಲಿನಲ್ಲಿ ಆಗಸ್ಟ್-ಸೆಪ್ಟೆಂಬರ್‌ಗೆ ಗಡ್ಡೆ ಕಟ್ಟುವ ಬೆಳೆ ಮುಂಗಡ ಗುಂಪಿಗೆ ಸರಿಯಾಗಿ ಕೂರುತ್ತದೆ. ಏಪ್ರಿಲ್-ಮೇ ತಿಂಗಳಿಗೆ ಗಡ್ಡೆ ಕಟ್ಟುವಂತೆ ನಾಟಿ ಮಾಡಿದರೆ ಮುಂಗಡ ತಳಿಯೂ ತನ್ನ ಮಿತಿಯ ಆಚೆ ನಿಲ್ಲುತ್ತದೆ. ನಮ್ಮ ಡಿಸೆಂಬರ್ ಕೂಡ ದೆಹಲಿಯ ಡಿಸೆಂಬರ್ ಅಲ್ಲ. ಉತ್ತರದ ಕೈಪಿಡಿಯ ತಿಂಗಳುಗಳನ್ನು ಇಲ್ಲಿಗೆ ಎತ್ತಿಹಾಕಿದರೆ ತಳಿ ಸೋಲುವುದು ಖಚಿತ, ಸೋಲಿಸಿದ್ದು ಕ್ಯಾಲೆಂಡರ್. ಕಲಬುರಗಿ, ರಾಯಚೂರು ಕಡೆ ಮಳೆಗಾಲದಲ್ಲೂ ಬಿಸಿ ಹೆಚ್ಚು. ಬೆಂಗಳೂರಿನಲ್ಲಿ ಗೆದ್ದ ತಳಿ ಅಲ್ಲಿ ಗೆಲ್ಲಬೇಕೆಂದಿಲ್ಲ.

ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಒಂದನ್ನು ಹೊಲದಲ್ಲೇ, ನೆರಳಿನಲ್ಲಿ, ಗಿಡದ ಎತ್ತರಕ್ಕೆ ತೂಗುಹಾಕಿ ದಿನಾ ಬರೆದಿಡಿ. ಮೊಬೈಲ್‌ನಲ್ಲಿ ಬರುವುದು ಯಾವುದೋ ಕೇಂದ್ರದ ಅಂಕಿ. ನಾಟಿಯಾದ ಮೂರನೆಯ ವಾರದಿಂದ ಗಡ್ಡೆ ಕಣ್ಣಿಗೆ ಬೀಳುವವರೆಗಿನ ಅಂಕಿಗಳು ಇಲ್ಲದಿದ್ದರೆ ಮುಂದೆ ಬರುವ ಅರ್ಧ ದೋಷಗಳಿಗೆ ಊಹೆಯೇ ಗತಿ.

ಎಲೆ ಸೊಂಪಾಗಿದೆ, ಗಡ್ಡೆಯ ಸುಳಿವಿಲ್ಲ

ನಾಟಿಯಾಗಿ ಎರಡೂವರೆ ತಿಂಗಳಾಯಿತು, ಪಕ್ಕದ ತಳಿ ಮಾರುಕಟ್ಟೆಗೆ ಹೋಯಿತು, ಇದು ಮಾತ್ರ ಎಲೆಯ ಮೇಲೆ ಎಲೆ ಬಿಡುತ್ತಿದೆ. ನಡುವಿನ ಎಳೆ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಸುಳಿಯವರೆಗೆ ಹೋಗಿ. ಅಲ್ಲಿ ಮೂರರಲ್ಲಿ ಒಂದು ಕಾಣುತ್ತದೆ.

ಸುಳಿ ಜೀವಂತವಾಗಿದ್ದು ಸಣ್ಣ ಸಣ್ಣ ಎಲೆಗಳು ಇನ್ನೂ ಹುಟ್ಟುತ್ತಿದ್ದರೆ, ಬಿಸಿ ಹೆಚ್ಚಾಗಿ ಗಿಡಕ್ಕೆ ಗಡ್ಡೆಯ ಸೂಚನೆಯೇ ಸಿಕ್ಕಿಲ್ಲ. ತಡದ ತಳಿಯನ್ನು ಮುಂಚೆ ಹಾಕಿದಾಗ ಆಗುವುದು ಇದೇ. ಹೀಗೆ ನಿಂತ ಗಿಡ, ಹವೆ ತಂಪಾದ ಮೇಲೆ ದೊಡ್ಡ ಗಡ್ಡೆಯನ್ನೇ ಕೊಡಬಹುದು. ಆದ್ದರಿಂದ ದಾಖಲೆಯಲ್ಲಿ 'ಕೆಟ್ಟ ತಳಿ' ಎಂದು ಬರೆಯಬೇಡಿ, 'ಈ ಹಂಗಾಮಿಗಲ್ಲ' ಎಂದು ಬರೆಯಿರಿ. ಎರಡಕ್ಕೂ ವ್ಯತ್ಯಾಸವಿದೆ: ಎರಡನೆಯದನ್ನು ಅಕ್ಟೋಬರ್ ನಾಟಿಗೆ ಮತ್ತೆ ಪರೀಕ್ಷಿಸಬಹುದು.

ಸುಳಿಯೇ ಇಲ್ಲದೆ ಅಲ್ಲಿ ಒಂದು ಒಣ ಗುಳಿ ಇದ್ದು, ಸುತ್ತಲಿನ ಎಲೆಗಳು ದಪ್ಪವಾಗಿ, ಕಡುಹಸಿರಾಗಿ, ತೊಗಲಿನಂತೆ ಬಿರುಸಾಗಿದ್ದರೆ ಅದು ಕುರುಡು ಗಿಡ. ಸಸಿ ಎಳೆಯದಿದ್ದಾಗಲೇ ಸುಳಿಗೆ ಪೆಟ್ಟಾಗಿರುತ್ತದೆ. ಅದನ್ನು ಕಾಯ್ದುಕೊಂಡು ಫಲವಿಲ್ಲ.

ಸುಳಿಯ ಜಾಗದಲ್ಲಿ ನೂಲಿನ ಬಲೆ, ಹಿಕ್ಕೆ, ಪಕ್ಕದಿಂದ ಎರಡು ಮೂರು ಮರಿ ಸುಳಿಗಳು ಹೊರಟಿದ್ದರೆ ಸುಳಿ ಕೊರೆಯುವ ಹುಳು ತಿಂದುಹಾಕಿದೆ. ಮಳೆ ಕೈಕೊಟ್ಟ ಜೂನ್-ಜುಲೈನಲ್ಲಿ ಇದರ ಕಾಟ ಜಾಸ್ತಿ. ತಳಿಯ ಅಂಕಪಟ್ಟಿಯಿಂದ ಇಂತಹ ಗಿಡಗಳನ್ನು ಕೈಬಿಟ್ಟು ಉಳಿದವುಗಳ ಮೇಲೆ ಲೆಕ್ಕ ಹಾಕಬೇಕು, ಎಷ್ಟು ಕೈಬಿಟ್ಟಿರಿ ಎಂಬುದನ್ನು ಮಾತ್ರ ಬರೆದಿಡಬೇಕು.

ಗುಂಡಿ ಗಡ್ಡೆ: ಅತಿ ಹೆಚ್ಚು ತಪ್ಪು ತೀರ್ಪು ಬೀಳುವ ಜಾಗ

ಗಿಡ ಇನ್ನೂ ಮೊಣಕಾಲು ಮುಟ್ಟಿಲ್ಲ, ಆಗಲೇ ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕ ಗಡ್ಡೆ ಬಂದು, ಎಲೆಗಳ ಆಸರೆಯಿಲ್ಲದೆ ಅಂಗಿಯ ಗುಂಡಿಯಂತೆ ಬೆತ್ತಲೆ ನಿಂತಿದೆ. ರೈತರು ಸಾಮಾನ್ಯವಾಗಿ ಈ ಹಂತದಲ್ಲಿ ಒಂದು ಕೈ ಯೂರಿಯಾ ಹಾಕುತ್ತಾರೆ. ಅದು ವ್ಯರ್ಥ. ಗಡ್ಡೆ ಕಟ್ಟಲು ತೊಡಗಿದ ಸುಳಿ ಮತ್ತೆ ಹೊಸ ಎಲೆ ಹುಟ್ಟಿಸುವುದಿಲ್ಲ. ಆ ಹೊತ್ತಿಗೆ ಇದ್ದಷ್ಟು ಎಲೆಗಳೇ ಆ ಗಡ್ಡೆಯನ್ನು ಸಾಕಬೇಕು. ಎಲೆ ಕಡಿಮೆ, ಚಿಕ್ಕದು ಎಂದಾದರೆ ಗಡ್ಡೆಯೂ ಚಿಕ್ಕದೇ. ರೋಗ ಕಂಡದ್ದು ಇಂದು, ಹತ್ತಿದ್ದು ತಿಂಗಳ ಹಿಂದೆ.

ಮುಂಗಡ ತಳಿಗಳಿಗೆ ಈ ಅಪಾಯ ಹೆಚ್ಚು, ಏಕೆಂದರೆ ಅವುಗಳ ಎಳೆತನದ ಅವಧಿ ಚಿಕ್ಕದು. 25ರಿಂದ 30 ದಿನದ ಸಸಿ ನಾಟಿಗೆ ಸರಿ. ಮಳೆ ತಡವಾಯಿತು, ಆಳು ಸಿಗಲಿಲ್ಲ, ಹೊಲ ಹದವಾಗಲಿಲ್ಲ ಎಂದು ಟ್ರೇಯಲ್ಲೇ 40-45 ದಿನ ಉಳಿಸಿಕೊಂಡರೆ, ಅಷ್ಟು ಇಕ್ಕಟ್ಟಿನ ಕೊಕೊಪೀಟ್‌ನಲ್ಲಿ ಹಸಿದುಕೊಂಡೇ ಅದು ಎಳೆತನ ಮುಗಿಸಿಬಿಡುತ್ತದೆ. ಹೊಲಕ್ಕೆ ಬಂದು ಬೇರು ಬಿಡುವ ಮೊದಲೇ ಗಡ್ಡೆಯ ಕೆಲಸ ಶುರು. ತಡದ ತಳಿಯ ಅದೇ ವಯಸ್ಸಿನ ಸಸಿ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಹಾಗಾಗಿ ಬಲಿತ ಸಸಿಗಳಿಂದ ಮಾಡಿದ ಪ್ರಯೋಗದಲ್ಲಿ ಮುಂಗಡ ತಳಿಗಳೇ ಸೋಲುತ್ತವೆ, ಅಂದರೆ ಯಾವುದನ್ನು ಆರಿಸಬೇಕೆಂದು ಹೊರಟೆವೋ ಅದನ್ನೇ ಎಸೆಯುತ್ತೇವೆ.

ಕಾರಣ ಪತ್ತೆಗೆ ಗಿಡವನ್ನು ಬೇರುಸಹಿತ ಎತ್ತಬೇಕು. ಕೀಳಬೇಡಿ, ಸಲಿಕೆಯಿಂದ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ. ಟ್ರೇ ಕುಳಿಯ ಆಕಾರ ಬೇರಿನಲ್ಲಿ ಹಾಗೆಯೇ ಉಳಿದಿದ್ದು, ಬೇರುಗಳು ಅದರೊಳಗೇ ಸುತ್ತಿಕೊಂಡಿದ್ದು, ಬುಡದ ದಂಟು ಸಣಕಲಾಗಿ ಗಟ್ಟಿಯಾಗಿದ್ದರೆ ಸಸಿ ಬಲಿತೇ ಬಂದಿದೆ. ಬೇರು ಹೊರಗೆ ಚೆನ್ನಾಗಿ ಹರಡಿದ್ದೂ ಗಡ್ಡೆ ಗುಂಡಿಯಾಗಿದ್ದರೆ ಸಸಿಯನ್ನು ಬಿಟ್ಟು ಬೇರೆ ಕಾರಣ ಹುಡುಕಿ: ನಾಟಿಯಾದ ಮೊದಲ ಮೂರು ವಾರದಲ್ಲಿ ಸಾರಜನಕದ ಕೊರತೆ, ನೀರಿನ ಕೊರತೆ, ನೀರು ನಿಂತದ್ದು, ಕಳೆ. ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ಎರಡು ದಿನದ ಜೋರು ಮಳೆ ಬಂದರೆ ನಾಟಿಯ ಹೊತ್ತಿಗೆ ಕೊಟ್ಟ ಯೂರಿಯಾ ಬೇರಿನ ಕೆಳಗೆ ಇಳಿದುಹೋಗುತ್ತದೆ; ಹಳೆಯ ಎಲೆಗಳು ಹಳದಿ-ನಸುಗೆಂಪಾಗಿ ಗಿಡ ನಿಂತಲ್ಲೇ ನಿಲ್ಲುತ್ತದೆ.

ಒಂದು ಉಪಾಯವಿದೆ. ನಾಟಿಯಾದ ವಾರ ಹತ್ತು ದಿನಕ್ಕೆ ಸತ್ತ ಗಿಡಗಳ ಜಾಗಕ್ಕೆ ಮರುನಾಟಿ ಮಾಡುತ್ತೀರಲ್ಲ, ಆ ಗಿಡಗಳಿಗೆ ಒಂದು ಕಡ್ಡಿ ನೆಟ್ಟು ಗುರುತು ಇಟ್ಟುಕೊಳ್ಳಿ. ಅವು ಅದೇ ಟ್ರೇಯ ಅತಿ ಬಲಿತ ಸಸಿಗಳು. ಮೊದಲು ನೆಟ್ಟವು ಚೆನ್ನಾಗಿದ್ದು ಮರುನಾಟಿಯವು ಮಾತ್ರ ಗುಂಡಿಗಟ್ಟಿದರೆ ಬೀಜದ ಮೇಲೆ ದೂರು ಹೊರಿಸುವಂತಿಲ್ಲ, ಹೊಲವೇ ಸಾಕ್ಷಿ ಹೇಳಿದೆ.

ಎಲೆ ಎಣಿಸುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಪ್ರತಿ ತಾಕಿನಲ್ಲಿ ಐದು ಗಿಡ ಆರಿಸಿ, ಹತ್ತನೆಯ ಎಲೆಯ ತೊಟ್ಟಿಗೆ ಬಣ್ಣದ ಚುಕ್ಕೆ ಇಟ್ಟು, ಗಡ್ಡೆ ಕಾಣುವ ಹೊತ್ತಿಗೆ ಒಟ್ಟು ಎಷ್ಟು ಎಲೆ ಆದವು ಎಂದು ಬರೆಯಿರಿ. ಉದುರಿದ ಎಲೆಗಳ ಕಲೆಗಳನ್ನೂ ಸೇರಿಸಿ. ಒಂದೇ ತಳಿ ಎರಡು ನಾಟಿಗಳಲ್ಲಿ ಬೇರೆ ಬೇರೆ ಸಂಖ್ಯೆ ತೋರಿಸಿದರೆ ಅದು ಉಷ್ಣಾಂಶದ ಕೈವಾಡ: ಬಿಸಿಯಲ್ಲಿ ಎಲೆ ಹೆಚ್ಚು, ಗಡ್ಡೆ ತಡ. ಎಲೆಯ ಸಂಖ್ಯೆ ಸಮನಾಗಿದ್ದು ಎಲೆಯ ಗಾತ್ರ ಮಾತ್ರ ಕುಗ್ಗಿದ್ದರೆ ಅದು ಹಸಿವು ಅಥವಾ ಬಾಯಾರಿಕೆ.

ಚಳಿ ಹೆಚ್ಚಿರುವ ಕಡೆ ಮುಂಗಡ ತಳಿಯನ್ನು ಚಳಿಗಾಲಕ್ಕೆ ಹಾಕಿದರೂ ಗುಂಡಿ ಗಡ್ಡೆಯೇ. ಅಂಗಡಿಯಲ್ಲಿ ಉಳಿದ ಮುಂಗಾರು ಬೀಜವನ್ನು ನವೆಂಬರ್‌ನಲ್ಲಿ ಅಗ್ಗಕ್ಕೆ ಕೊಟ್ಟಾಗ ಇದು ನೆನಪಿರಲಿ.

ರವೆ, ಗಡ್ಡೆಯೊಳಗಿನ ಎಲೆ

ಒಳ್ಳೆಯ ಗಡ್ಡೆ ಎಂದರೆ ಹೂವಾಗಬೇಕಾದ ಸಾವಿರಾರು ತುದಿಗಳು ಅರ್ಧದಲ್ಲೇ ನಿಂತುಬಿಟ್ಟ ಗುಂಪು. ಆ ನಿಲುಗಡೆ ಸಡಿಲವಾದಾಗ ದೋಷ ಕಾಣುತ್ತದೆ. ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಗಡ್ಡೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ. ಮೇಲ್ಮೈ ಮೇಲೆ ರವೆ ಉದುರಿಸಿದಂತೆ ಸಣ್ಣ ಕಾಳುಗಳು ಎದ್ದಿದ್ದರೆ, ತುದಿಗಳು ಹೂಮೊಗ್ಗಿನ ಕಡೆ ಹೊರಟಿವೆ. ನೇರ ಬಿಸಿಲಿನಲ್ಲಿ, ಮೇಲಿನಿಂದ ನೋಡಿದರೆ ಇದು ತಪ್ಪಿಹೋಗುತ್ತದೆ. ಮಧ್ಯಾಹ್ನ ಅಂಕ ಹಾಕುವವರು ಬಹಳ ಉದಾರಿಗಳಾಗಿರುವುದಕ್ಕೆ ಇದೂ ಒಂದು ಕಾರಣ. ಗಡ್ಡೆಯ ನಡುವಿನಿಂದ ಪುಟ್ಟ ಹಸಿರು ಎಲೆಗಳು ಇಣುಕುತ್ತಿದ್ದರೆ, ತುದಿಗಳು ಎಲೆಯ ಕಡೆ ವಾಪಸಾಗಿವೆ.

ಗಡ್ಡೆಯೊಳಗಿನ ಎಲೆಯ ಮಟ್ಟಿಗೆ ಕಾರಣ ಸಾಮಾನ್ಯವಾಗಿ ಒಂದೇ: ಗಡ್ಡೆ ಶುರುವಾದ ಮೇಲೆ ಬಿಸಿ ಏರಿದೆ. ರವೆಯ ಮಟ್ಟಿಗೆ ಹಾಗಲ್ಲ. ತಳಿಗೆ ಬೇಕಾದುದಕ್ಕಿಂತ ಬಿಸಿಯಾದರೂ ಬರುತ್ತದೆ, ತಂಪಾದರೂ ಬರುತ್ತದೆ, ಸಾರಜನಕ ಹೆಚ್ಚಾಗಿ ಗಡ್ಡೆ ಸರಸರ ಬೆಳೆದರೂ ಬರುತ್ತದೆ, ಕೊಯ್ಲು ನಾಲ್ಕು ದಿನ ತಡವಾದರೂ ಬರುತ್ತದೆ. ಇಲ್ಲಿ ಥರ್ಮಾಮೀಟರಿನ ಪುಸ್ತಕ ಬೇಕು. ಗಡ್ಡೆ ಬೆಳೆಯುವ ವಾರಗಳಲ್ಲಿ ಉಷ್ಣಾಂಶ 20-27ರ ಒಳಗೇ ಇದ್ದು, ಸರಿಯಾದ ದಿನಕ್ಕೆ ಕೊಯ್ದು, ಪಕ್ಕದ ಮುಂಗಡ ತಳಿ ನುಣುಪಾಗಿರುವಾಗ ಇದೊಂದು ಮಾತ್ರ ಎಲ್ಲ ತಾಕುಗಳಲ್ಲೂ ರವೆಯಾಗಿದ್ದರೆ ತಳಿಯನ್ನು ನಿಸ್ಸಂಕೋಚವಾಗಿ ಹೊರಹಾಕಿ. ರವೆಯಾಗುವ ಸ್ವಭಾವ ವಂಶದಲ್ಲೇ ಇರುತ್ತದೆ, ಗೊಬ್ಬರ ಕೊಟ್ಟು ತಿದ್ದಲಾಗದು. ಈ ಬರಹದಲ್ಲಿ ತಳಿಯ ಮೇಲೆ ಅತಿ ಧೈರ್ಯದಿಂದ ಬೊಟ್ಟು ಮಾಡಬಹುದಾದ ದೋಷ ಇದು.

ರವೆಯಾದ ಗಡ್ಡೆಗೆ ಮಂಡಿಯಲ್ಲಿ ಬೆಲೆ ಬೀಳುತ್ತದೆ, ಆದರೆ ಮಾಲು ಉಳಿಯುವುದಿಲ್ಲ. ಸಂಜೆಯ ಗೋಬಿ ಮಂಚೂರಿ ಗಾಡಿಗಳಲ್ಲಿ ಹಿಟ್ಟಿನಲ್ಲಿ ಮುಳುಗಿ ಎಣ್ಣೆಗೆ ಬೀಳುವ ತುಂಡಿನ ನುಣುಪನ್ನು ಯಾರೂ ಕೇಳುವುದಿಲ್ಲ. ಅದಕ್ಕೆ ಹಾಕುತ್ತಿದ್ದ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಗಡ್ಡೆಯ ದರ್ಜೆಯ ಬಗ್ಗೆ ಅಲ್ಲಿ ಇಂದಿಗೂ ತಕರಾರಿಲ್ಲ. 'ಹೇಗೂ ಮಾರಿಹೋಯಿತಲ್ಲ' ಎಂದು ತಳಿಗೆ ಅಂಕ ಕೊಡಬೇಡಿ.

ಗಡ್ಡೆ ಹಳದಿಯಾಗಿದೆಯೇ? ಬಿಸಿಲು ಬಿದ್ದಿದೆ, ಅಷ್ಟೇ. ಹೊರಗಿನ ಎಲೆಗಳು ಮೇಲಕ್ಕೆ ನಿಂತು ಗಡ್ಡೆಯನ್ನು ಮುಚ್ಚುವ ಗುಣ ಕೆಲವು ತಳಿಗಳಿಗಿದೆ, ಕೆಲವಕ್ಕಿಲ್ಲ. ಇಲ್ಲದವುಗಳಿಗೆ ಎಲೆ ಕಟ್ಟುವ ಕೂಲಿಯನ್ನು ಖರ್ಚಿಗೆ ಸೇರಿಸಿ ಹೋಲಿಸಿ.

ಚಾಕು ಹಾಕಿ ನೋಡಬೇಕಾದವು

ಗಡ್ಡೆಯನ್ನು ದಂಟಿನ ಸಮೇತ ಉದ್ದಕ್ಕೆ ಸೀಳಿ. ದಂಟು ಟೊಳ್ಳಾಗಿದ್ದರೂ ಒಳಗೋಡೆ ಬೆಳ್ಳಗೆ, ಸ್ವಚ್ಛವಾಗಿದ್ದರೆ ಅದು ಸಾರಜನಕ ಹೆಚ್ಚಾಗಿ, ಅಂತರವೂ ಹೆಚ್ಚಾಗಿ ಗಿಡ ಒಮ್ಮೆಲೇ ನುಗ್ಗಿ ಬೆಳೆದದ್ದು. ಒಳಗೋಡೆ ಕಂದಾಗಿ, ನೀರು ನೆನೆದಂತಿದ್ದು, ಗಡ್ಡೆಯ ಮೇಲೂ ತುಕ್ಕಿನ ಬಣ್ಣದ ಕಲೆಗಳಿದ್ದರೆ ಬೋರಾನ್ ಕೊರತೆ. ಬೇಯಿಸಿದರೂ ಇದರ ಕಹಿ ಹೋಗುವುದಿಲ್ಲ. ಮುಂದಿನ ಬೆಳೆಗೆ ಎಕರೆಗೆ 4ರಿಂದ 6 ಕಿಲೋ ಬೋರಾಕ್ಸ್ ಮಣ್ಣಿಗೆ ಸಾಕು. ಹೆಚ್ಚು ಹಾಕಿದರೆ ವಿಷವಾಗುವ ಪೋಷಕಾಂಶ ಇದು, ಕೈಯಳತೆಯಲ್ಲಿ ಎರಚುವಂಥದ್ದಲ್ಲ.

ಎಲೆಯ ಅಗಲವೆಲ್ಲ ಮಾಯವಾಗಿ ನಡುದಿಂಡು ಮಾತ್ರ ಚಾಟಿಯಂತೆ ಉಳಿದಿದ್ದರೆ ಮಾಲಿಬ್ಡಿನಂ ಕೊರತೆ. ಮಣ್ಣಿನ ರಸಸಾರ (pH) 5.5ಕ್ಕಿಂತ ಕೆಳಗಿರುವ ಮಲೆನಾಡು, ಕರಾವಳಿ, ಖಾನಾಪುರ ಸೀಮೆಯ ಹುಳಿ ಮಣ್ಣುಗಳಲ್ಲಿ ಇದನ್ನು ನಿರೀಕ್ಷಿಸಬೇಕು. ಮೂಲ ಚಿಕಿತ್ಸೆ ಸುಣ್ಣ, ರಸಸಾರ 6.5ರ ಹತ್ತಿರ ಬರುವಂತೆ. ಜೊತೆಗೆ ಎಕರೆಗೆ 400ರಿಂದ 600 ಗ್ರಾಂ ಸೋಡಿಯಂ ಮಾಲಿಬ್ಡೇಟ್. ಇಂತಹ ಮಣ್ಣಿನಲ್ಲಿ ಸುಣ್ಣ ಹಾಕದೆ ತಳಿ ಹೋಲಿಸಿದರೆ, ಹುಳಿಗೆ ಹೆಚ್ಚು ನಲುಗುವ ತಳಿ ಯಾವುದು ಎಂದಷ್ಟೇ ಗೊತ್ತಾಗುತ್ತದೆ. ಮುಂಗಾರಿನ ಮಾತು ಅಲ್ಲಿ ಹೊರಡುವುದೇ ಇಲ್ಲ.

ಮಳೆಯ ಜೊತೆಗೆ ಬರುವ ಕಪ್ಪು ಕೊಳೆ

ಮುಂಗಡ ಬೆಳೆಗೆ ಬಿಸಿ ಮತ್ತು ತೇವ ಎರಡೂ ಒಟ್ಟಿಗೆ ಸಿಗುತ್ತವೆ, ಕಪ್ಪು ಕೊಳೆಯ ಬ್ಯಾಕ್ಟೀರಿಯಾಗೆ ಬೇಕಾದದ್ದೂ ಅದೇ. ಎಲೆಯ ಅಂಚಿನಲ್ಲಿ ಮುಂಜಾನೆ ಹನಿಗಟ್ಟುವ ರಂಧ್ರಗಳಿಂದ ಅದು ಒಳಹೊಗುತ್ತದೆ. ಆದ್ದರಿಂದ ಹಳದಿ ಕಲೆ ಯಾವಾಗಲೂ ಅಂಚಿನಿಂದ ಹೊರಟು, ನಡುದಿಂಡಿನ ಕಡೆ ಮೊನೆ ಮಾಡಿದ ತ್ರಿಕೋನವಾಗಿರುತ್ತದೆ. ಅದರೊಳಗಿನ ನರಗಳು ಕಪ್ಪು. ತೊಟ್ಟನ್ನು ಅಡ್ಡ ಕತ್ತರಿಸಿದರೆ ಕಪ್ಪು ಚುಕ್ಕೆಗಳ ಬಳೆ ಕಾಣುತ್ತದೆ. ಎಲೆಯ ನಡುವೆ ದುಂಡಗಿನ, ಬಳೆಯೊಳಗೆ ಬಳೆ ಇರುವ ಕಂದು ಚುಕ್ಕೆಯಾದರೆ ಅದು ಬೇರೆ, ಶಿಲೀಂಧ್ರದ್ದು.

ತಳಿ ಪರೀಕ್ಷೆಯಲ್ಲಿ ಕಪ್ಪು ಕೊಳೆ ಮೋಸ ಮಾಡುವುದು ಹೀಗೆ: ರೋಗ ಬೀಜದ ಮೂಲಕವೇ ಬರುತ್ತದೆ. ಒಂದು ತಳಿಯ ತಾಕುಗಳಲ್ಲಿ ಮಾತ್ರ ರೋಗ ಕಂಡರೆ 'ಈ ತಳಿಗೆ ರೋಗ ತಡೆಯುವ ಶಕ್ತಿಯಿಲ್ಲ' ಎಂದು ಬರೆದುಬಿಡುತ್ತೇವೆ. ತಳಿಗೆ ಶಕ್ತಿ ಇದ್ದರೂ ಆ ಲಾಟಿನ ಬೀಜದಲ್ಲಿ ಸೋಂಕು ಇದ್ದಿರಬಹುದು. ಬೇರೆ ಲಾಟ್ ಸಿಕ್ಕರೆ ಎರಡನ್ನೂ ಹಾಕಿ ನೋಡಿ. ಇಲ್ಲವಾದರೆ ಎಲ್ಲ ತಳಿಗಳ ಬೀಜವನ್ನೂ 50 ಡಿಗ್ರಿಯ ನೀರಿನಲ್ಲಿ 20ರಿಂದ 30 ನಿಮಿಷ ಇಟ್ಟು, ತಕ್ಷಣ ತಣ್ಣೀರಿಗೆ ಹಾಕಿ, ನೆರಳಲ್ಲಿ ಒಣಗಿಸಿ ಬಿತ್ತಿ. ನೀರು ಎರಡು ಡಿಗ್ರಿ ಏರಿದರೂ ಮೊಳಕೆ ಕೆಡುತ್ತದೆ, ಇಳಿದರೆ ರೋಗಾಣು ಉಳಿಯುತ್ತದೆ. ಥರ್ಮಾಮೀಟರನ್ನು ನೀರಿನಲ್ಲೇ ಬಿಟ್ಟಿರಬೇಕು. ಬಣ್ಣದ ಔಷಧ ಲೇಪಿಸಿ ಬಂದ ಬೀಜಕ್ಕೂ ಹಳೆಯ ಬೀಜಕ್ಕೂ ಇದು ಬೇಡ. ಸೋಂಕಿತ ತಾಕಿನಿಂದ ಸ್ಪ್ರಿಂಕ್ಲರ್ ಹನಿ, ಆಳುಗಳ ಕೈ, ಬಟ್ಟೆಯ ಮೂಲಕ ರೋಗ ಪಕ್ಕಕ್ಕೆ ಹೋಗುತ್ತದೆಯಾದ್ದರಿಂದ ಎಲೆ ಒದ್ದೆ ಇರುವಾಗ ತಾಕುಗಳಲ್ಲಿ ಓಡಾಡದಿರುವುದು ಒಳ್ಳೆಯದು.

ಕೋಸಿನ ಎಲೆ ತಿನ್ನುವ ವಜ್ರಬೆನ್ನಿನ ಪತಂಗದ ಹುಳುವಿನ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಎಲೆಕೋಸಿನ 25 ಸಾಲಿಗೆ ಎರಡು ಸಾಲು ಸಾಸಿವೆ ಹಾಕಿ ಹುಳುವನ್ನು ಅತ್ತ ಸೆಳೆಯುವ ಹೆಸರಘಟ್ಟದ ಪದ್ಧತಿ ಹೂಕೋಸಿಗೂ ಬರುತ್ತದೆ. ಪ್ರಯೋಗದ ತಾಕಿನಲ್ಲಿ ಮಾತ್ರ ಸಾಸಿವೆ ಒಂದು ಬದಿಗಷ್ಟೇ ಇರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಸಾಸಿವೆ ಪಕ್ಕದ ತಳಿಯ ಲೆಕ್ಕ ಬೇರೆಯಾಗುತ್ತದೆ.

ದೋಷ ಪ್ರಯೋಗದಲ್ಲೇ ಇದ್ದರೆ

ಮೇಲಿನ ಯಾವುದೂ ಹೊಂದುತ್ತಿಲ್ಲ, ಒಂದೇ ತಳಿ ಒಂದು ತಾಕಿನಲ್ಲಿ ಅದ್ಭುತ, ಇನ್ನೊಂದರಲ್ಲಿ ಕಳಪೆ ಎಂದಾದರೆ ತಾಕು ಹಾಕಿದ ರೀತಿಯನ್ನು ಪರೀಕ್ಷಿಸಿ.

ಎಲ್ಲ ತಳಿಯ ಬೀಜವನ್ನೂ ಒಂದೇ ದಿನ, ಒಂದೇ ಬಗೆಯ ಟ್ರೇಯಲ್ಲಿ ಬಿತ್ತಿದ್ದಿರಾ? ನರ್ಸರಿಯಿಂದ ಎರಡು ತಳಿಯ ಸಸಿ ತಂದು, ಉಳಿದ ಎರಡನ್ನು ಮನೆಯಲ್ಲಿ ಬೆಳೆಸಿ ಹೋಲಿಸಿದರೆ ನರ್ಸರಿಗಳ ಹೋಲಿಕೆಯಾಗುತ್ತದೆಯೇ ಹೊರತು ತಳಿಗಳದ್ದಲ್ಲ. ಊರಿನಲ್ಲಿ ಎಲ್ಲರೂ ಬೆಳೆಯುವ ಪರಿಚಿತ ತಳಿಯೊಂದು ಹೋಲಿಕೆಗೆ ಇದೆಯೇ? ಅದೂ ಕೆಟ್ಟಿದ್ದರೆ ಹಂಗಾಮು ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಅದಿಲ್ಲದ ಪ್ರಯೋಗಕ್ಕೆ ಅಳತೆಗೋಲೇ ಇಲ್ಲ.

ಸಣ್ಣ ರೈತನಿಗೂ ಸಾಧ್ಯವಾಗುವ ಅಳತೆ ಇದು: 45 ಸೆಂಟಿಮೀಟರ್ ಚದರ ಅಂತರದಲ್ಲಿ ಐದು ಸಾಲು, ಸಾಲಿಗೆ ಎಂಟು ಗಿಡ, ಒಟ್ಟು 40. ಜಾಗ ಎಂಟು ಚದರ ಮೀಟರ್‌ಗಿಂತ ತುಸು ಹೆಚ್ಚು. ಅಂಚಿನ ಗಿಡಗಳನ್ನು ಬಿಟ್ಟರೆ ಒಳಗಿನ 18 ಗಿಡಗಳ ಮೇಲೆ ಲೆಕ್ಕ. ಇಂತಹ ತಾಕು ಪ್ರತಿ ತಳಿಗೆ ಮೂರು, ಹೊಲದ ಬೇರೆ ಬೇರೆ ಕಡೆ, ಚೀಟಿ ಎತ್ತಿ ಜಾಗ ನಿಗದಿ ಮಾಡಿ. ಮೃಗಶಿರದಲ್ಲಿ ಒಂದು ನಾಟಿ, ಆರಿದ್ರದಲ್ಲಿ ಇನ್ನೊಂದು, ಸಾಧ್ಯವಾದರೆ ಪುನರ್ವಸುವಿಗೆ ಮೂರನೆಯದು. ಒಂದೇ ನಾಟಿಯ ಫಲಿತಾಂಶ ಆ ಹದಿನೈದು ದಿನದ ಮಳೆ-ಬಿಸಿಲಿನ ಫಲಿತಾಂಶ. ಎರಡು ಮೂರು ನಾಟಿಯಲ್ಲೂ ಸೋಲದ ತಳಿಯೇ ಬೇಕಾದದ್ದು, ಒಂದರಲ್ಲಿ ಮೊದಲ ಸ್ಥಾನ ಬಂದದ್ದಲ್ಲ.

ಅಂಕದ ಪುಸ್ತಕದಲ್ಲಿ ಸರಾಸರಿ ತೂಕಕ್ಕೆ ಮರುಳಾಗಬೇಡಿ. ಈ ಅಂತರದಲ್ಲಿ ಎಕರೆಗೆ ಸುಮಾರು 20,000 ಗಿಡ. ಒಂದು ತಳಿ 700 ಗ್ರಾಂ ತೂಗಿ, ನೂರರಲ್ಲಿ 60 ಗಡ್ಡೆ ಮಾತ್ರ ಮಾರಾಟಕ್ಕೆ ಬಂದರೆ ಸಿಗುವುದು 8.4 ಟನ್. ಇನ್ನೊಂದು 500 ಗ್ರಾಂ ತೂಗಿದರೂ ನೂರರಲ್ಲಿ 90 ಮಾರಾಟವಾದರೆ 9 ಟನ್. ಜೊತೆಗೆ ಮೊದಲ ಕೊಯ್ಲಿನಿಂದ ಕೊನೆಯ ಕೊಯ್ಲಿಗೆ ಎಷ್ಟು ದಿನ ಎಂದೂ ನೋಡಬೇಕು. ಹೈಬ್ರಿಡ್‌ಗಳು ಸಾಮಾನ್ಯವಾಗಿ ಒಟ್ಟಿಗೆ ಬರುತ್ತವೆ, ಮುಕ್ತ ಪರಾಗಸ್ಪರ್ಶದ ತಳಿಗಳು ಎಳೆದಾಡುತ್ತವೆ. ಗಣೇಶನ ಹಬ್ಬಕ್ಕೆ ಒಂದೇ ಲೋಡ್ ಕಳುಹಿಸುವವರಿಗೆ ಇದು ದೋಷ. ದಿನಾ ನಾಲ್ಕು ಚೀಲ ಸಂತೆಗೆ ಒಯ್ಯುವವರಿಗೆ ಇದೇ ಅನುಕೂಲ.

ನಿಜಕ್ಕೂ ಬೀಜವೇ ಕೆಟ್ಟಿದ್ದರೆ

ಹೈಬ್ರಿಡ್ ಎಂದು ಕೊಟ್ಟ ಬೀಜದ ತಾಕಿನಲ್ಲಿ ಎಲೆಯ ಬಣ್ಣ, ಎತ್ತರ, ಗಡ್ಡೆಯ ಸಮಯ ಎಲ್ಲವೂ ಗಿಡದಿಂದ ಗಿಡಕ್ಕೆ ಬೇರೆಯಾಗಿದ್ದು, ಮೂರೂ ತಾಕುಗಳಲ್ಲಿ ಹಾಗೆಯೇ ಇದ್ದರೆ ಬೆರಕೆಯ ಅನುಮಾನ ಬಲವಾಗುತ್ತದೆ. ಇಂತಹ ಸಂದರ್ಭಕ್ಕೆ ಬಿತ್ತನೆಯ ದಿನವೇ ತಯಾರಾಗಿರಬೇಕು: ಲಾಟ್ ಸಂಖ್ಯೆ ಇರುವ ಪೊಟ್ಟಣ, ರಸೀದಿ, ಒಂದು ಚಿಟಿಕೆ ಉಳಿದ ಬೀಜ, ಎಲ್ಲವೂ ಒಂದು ಡಬ್ಬಿಯಲ್ಲಿ. ಅಂಗಡಿಯವರು 'ಬಿಲ್ ಏಕೆ, ಇಲ್ಲಿಯೇ ಇರುತ್ತೇವಲ್ಲ' ಎಂದರೂ ರಸೀದಿ ಬಿಡಬೇಡಿ. ಬೆಳೆಯನ್ನು ಉತ್ತು ಹಾಕುವ ಮೊದಲು ದಿನಾಂಕ ಕಾಣುವಂತೆ ಚಿತ್ರ ತೆಗೆದು, ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ಬರಹದಲ್ಲಿ ದೂರು ಕೊಟ್ಟು, ಅಧಿಕಾರಿಗಳು ಹೊಲಕ್ಕೆ ಬಂದು ನೋಡಿದ ವರದಿಯ ಪ್ರತಿ ಪಡೆಯಿರಿ. ಬೀಜ ಕೊಂಡ ರೈತ ಗ್ರಾಹಕನೇ, ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದೆ. ಅಲ್ಲಿ ಎದುರು ಪಕ್ಷದವರು ಮೊದಲು ಕೇಳುವುದು ಸಸಿಯ ವಯಸ್ಸು, ನಾಟಿಯ ದಿನ, ಕೊಟ್ಟ ಗೊಬ್ಬರ ಮತ್ತು ಅದೇ ಹೊಲದಲ್ಲಿ ಬೇರೆ ತಳಿ ಹೇಗಿತ್ತು ಎಂಬುದನ್ನೇ. ನಕ್ಷೆ ಮತ್ತು ಥರ್ಮಾಮೀಟರಿನ ಪುಸ್ತಕ ಕೈಯಲ್ಲಿದ್ದರೆ ಉತ್ತರಕ್ಕೆ ತಡಕಾಡಬೇಕಾಗಿಲ್ಲ.